ಕೋವಿ ಎತ್ತುವ ಮೊದಲು ಕಿವಿ ಮುಚ್ಚಿ

ಜಾತ್ರೆಯಲ್ಲಿ ಕದಿನ ಬೆಡಿ ಸಿಡಿಯುವಾಗ ನಾವೆಲ್ಲರೂ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಳ್ಳುತ್ತೇವೆ. ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ರೈಫಲ್ ಹಿಡಿದವನ ಎರಡು ಕೈಗಳಿಗೂ ಬೇರೆ ಕೆಲಸ ಉಂಟು. ಅವನ ಕಿವಿಯನ್ನು ಕಾಯುವವರು ಯಾರು? ಎನ್.ಸಿ.ಸಿ. ಶಿಬಿರಕ್ಕೆ ಮಕ್ಕಳನ್ನು ಕಳುಹಿಸುವ ತಂದೆತಾಯಂದಿರೂ ಉಪಾಧ್ಯಾಯರಾದ ನಾವೂ ಯೋಚಿಸಬೇಕಾದ ವಿಷಯವಿದು.

2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡ್ ಬೆಳ್ಳಿ ಗೆದ್ದರು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನವನ್ನೂ 2024ರಲ್ಲಿ ಪ್ಯಾರಿಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚನ್ನೂ ತಂದರು. ಮೂವರೂ ಗುರಿಕಾರರೇ, ಆದರೆ ಮೂವರ ಕೋವಿಯ ಸದ್ದು ಒಂದೇ ಅಲ್ಲ. ಬಿಂದ್ರಾ ಅವರದು ಏರ್ ರೈಫಲ್. ಅದರಲ್ಲಿ ಮದ್ದು ಸಿಡಿಯುವುದಿಲ್ಲ, ಸದ್ದು ಕಡಿಮೆ. ಕುಸಾಳೆ ಅವರದು .22 ರೈಫಲ್. ನಮ್ಮ ಎನ್.ಸಿ.ಸಿ. ಮಕ್ಕಳು ಹಾರಿಸುವುದೂ .22ರ ಗುಂಡನ್ನೇ. ಅದರ ಸದ್ದು ಸುಮಾರು 140 ಡೆಸಿಬಲ್. ರಾಥೋಡ್ ಹಿಡಿದಂತಹ 12 ಬೋರಿನ ಕೋವಿಯದು 150ನ್ನೂ ಮೀರುತ್ತದೆ. ನಾವು ಸಾಮಾನ್ಯವಾಗಿ ಮಾತಾಡುವುದು 60ರಲ್ಲಿ. ಡೆಸಿಬಲ್ 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ ಎಂಬುದನ್ನು ನೆನಪಿಡಬೇಕು.

ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ನಷ್ಟವಾಗುವುದು ತೀಕ್ಷ್ಣ ಸ್ವರಗಳನ್ನು ಕೇಳುವ ಶಕ್ತಿ. ಅಂಥವನಿಗೆ ಮಾತು ಕೇಳಿಸುತ್ತದೆ, ಆದರೆ ಸ, ಶ, ತ ಮುಂತಾದ ಅಕ್ಷರಗಳು ಮಸುಕಾಗುತ್ತವೆ. ಉಕ್ತಲೇಖನದಲ್ಲಿ 'ಸಾಲು' ಎಂದರೆ 'ಹಾಲು' ಎಂದು ಬರೆದಾನು. ನಾವು ಅವನನ್ನು ಅಲಕ್ಷ್ಯಗಾರನೆಂದು ತಿಳಿದೇವು. ಕೆಲವರಿಗೆ ಕಿವಿಯೊಳಗೆ ಜೀರುಂಡೆ ಕೂಗಿದಂತಹ ಸದ್ದು ಜೀವಮಾನವಿಡೀ ಉಳಿಯುವುದುಂಟು.

ಹಾಗಾದರೆ ಯಾವುದನ್ನು ಆರಿಸಬೇಕು? ಹತ್ತಿಯ ಉಂಡೆ ಪ್ರಯೋಜನಕ್ಕಿಲ್ಲ. ಅಗ್ಗದಲ್ಲಿ ದೊರೆಯುವುದು ಮೆತ್ತನೆಯ ಫೋಮ್ ಇಯರ್ ಪ್ಲಗ್. ಅದನ್ನು ಬೆರಳುಗಳಲ್ಲಿ ಹೊಸೆದು ಸಪೂರ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಬಾಯಲ್ಲಿ ಅರ್ಧ ಸಿಕ್ಕಿಸಿಟ್ಟ ಪ್ಲಗ್ ಇದ್ದೂ ಇಲ್ಲದಂತೆ.

ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್ ಮಫ್ ಚಿಕ್ಕವರಿಗೆ ಸುಲಭ. ಆದರೆ ಕನ್ನಡಕದ ಕಡ್ಡಿಯೋ ಜಡೆಯೋ ನಡುವೆ ಬಂದರೆ ಆ ಸಂದಿನಿಂದ ಸದ್ದು ನುಗ್ಗುತ್ತದೆ. ಕೆನ್ನೆಗಾನಿಸಿದ ರೈಫಲಿನ ಹಿಡಿ ದಪ್ಪ ಮಫ್ಫಿಗೆ ತಾಗಿ ಅದನ್ನು ಸರಿಸುವುದೂ ಉಂಟು. ತೆಳ್ಳಗಿನದನ್ನು ಆರಿಸಿ, ಇಲ್ಲವೇ ಪ್ಲಗ್ಗನ್ನೇ ಬಳಸಿ.

ಪೊಟ್ಟಣದ ಮೇಲಿನ ಎನ್.ಆರ್.ಆರ್. ಎಂಬ ಅಂಕೆಯನ್ನು ಇದ್ದ ಹಾಗೆಯೇ ನಂಬಬಾರದು. ಅದು ಪ್ರಯೋಗಶಾಲೆಯ ಲೆಕ್ಕ. ಅಮೆರಿಕದ ಕಾರ್ಖಾನೆಗಳಲ್ಲಿ ಅದರಿಂದ 7 ಕಳೆದು, ಉಳಿದುದನ್ನು ಅರ್ಧ ಮಾಡುವ ಕ್ರಮವಿದೆ. 29 ಎಂದಿದ್ದರೆ ಭರವಸೆ ಇಡಬಹುದಾದದ್ದು 11 ಮಾತ್ರ. ದೊಡ್ಡ ಕೋವಿಗೂ ನಾಲ್ಕು ಗೋಡೆಗಳ ನಡುವಿನ ರೇಂಜಿಗೂ ಪ್ಲಗ್ ಮತ್ತು ಮಫ್ ಎರಡೂ ಬೇಕು. ಎರಡು ಸೇರಿದರೆ ಸುಮಾರು 5 ಡೆಸಿಬಲ್ ಮಾತ್ರ ಹೆಚ್ಚು ತಗ್ಗುತ್ತದೆ. ಅದೂ ಸಣ್ಣ ಲಾಭವಲ್ಲ.

ಮಾತನ್ನು ಕೇಳಿಸಿ ಸಿಡಿತವನ್ನು ತಡೆಯುವ ಎಲೆಕ್ಟ್ರಾನಿಕ್ ಮಫ್‌ಗಳೂ ಇವೆ. ತರಬೇತಿ ಕೊಡುವವರಿಗೆ ಅವು ಅನುಕೂಲ. ಆದರೆ ಅಂತರರಾಷ್ಟ್ರೀಯ ಸ್ಪರ್ಧೆಯ ನಿಯಮದಂತೆ, ಸಂದೇಶ ಸ್ವೀಕರಿಸುವ ಸಾಧನವುಳ್ಳ ಮಫ್ ಸ್ಪರ್ಧಿಗೆ ನಿಷಿದ್ಧ. ಸ್ಪರ್ಧೆಯ ಗುರಿಯುಳ್ಳವರು ಸಾದಾ ಮಫ್ಫಿಗೇ ಒಗ್ಗಿಕೊಳ್ಳುವುದು ಲೇಸು.

ಬಲಭುಜಕ್ಕೆ ಕೋವಿ ಇಡುವವರ ಎಡಗಿವಿ ನಳಿಗೆಯ ಕಡೆಗಿರುತ್ತದೆ. ಹಾನಿ ಹೆಚ್ಚಾಗಿ ಕಾಣುವುದು ಅಲ್ಲೇ. ತನ್ನ ಸರದಿ ಮುಗಿಯಿತೆಂದು ಪ್ಲಗ್ ತೆಗೆಯುವುದೂ ಅಪಾಯ. ಪಕ್ಕದವನ ಗುಂಡಿಗೆ ಸರದಿಯ ಲೆಕ್ಕ ತಿಳಿಯದು. ಅಂಕ ಬರೆಯುವವರೂ ಜೊತೆಗೆ ಹೋದ ಉಪಾಧ್ಯಾಯರೂ ಕಿವಿ ಮುಚ್ಚಲೇಬೇಕು.

ಶಿಬಿರದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ತಂದೆತಾಯಂದಿರು ಒಂದು ಮಾತು ಕೇಳಲಿ: "ಗುಂಡು ಹಾರಿಸುವ ದಿನ ಮಕ್ಕಳ ಕಿವಿಗೆ ಏನು ಕೊಡುತ್ತೀರಿ?" ಸರಿಯಾದ ಉತ್ತರ ಬಾರದಿದ್ದರೆ ಒಂದು ಜೊತೆ ಪ್ಲಗ್ ಕೊಂಡು ಮಗುವಿನ ಕಿಸೆಗೆ ಹಾಕಿ, ಇಡುವ ಕ್ರಮವನ್ನು ಮನೆಯಲ್ಲೇ ಕಲಿಸಿ ಕಳುಹಿಸಲಿ.