ಎರಡು ವರ್ಷ ಬಿಕರಿಯಾಗದ ನೇಗಿಲು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಪರಸ್ಥಳಕ್ಕೆ ಬಂದು ನೆಲಸಿದ ನಾವು ಊರಿನವರಿಗಿಂತ ಹೆಚ್ಚಾಗಿಯೇ ಬಳಸುತ್ತೇವೆಂದು ತೋರುತ್ತದೆ. ಬಾಡಿಗೆಯ ಮನೆ, ತಿಂಗಳ ಸಂಬಳ, ಊರಿಗೆ ಕಳಿಸಬೇಕಾದ ಹಣ. ಇವುಗಳ ನಡುವೆ ಮಕ್ಕಳು ದೊಡ್ಡ ಆಸೆಯ ಮಾತೆತ್ತಿದರೆ ನಮ್ಮ ಎದೆ ನಡುಗುತ್ತದೆ. ಪರಿಚಯದ ತರುಣನೊಬ್ಬ ಒಳ್ಳೆಯ ನೌಕರಿ ಬಿಟ್ಟು ಪುಣೆಯಲ್ಲಿ ಸಣ್ಣದೊಂದು ಯಂತ್ರದ ಕಾರ್ಖಾನೆ ಹಾಕುತ್ತೇನೆಂದಾಗ, “ಬೇಡಪ್ಪಾ, ಸುಮ್ಮನಿರು” ಎಂದವರಲ್ಲಿ ನಾನೂ ಒಬ್ಬ. ಅವನು ತಲೆ ತಗ್ಗಿಸಿಕೊಂಡು ಹೋದ ಮೇಲೆ ನನಗೆ ನೆನಪಾದವರು ಲಕ್ಷ್ಮಣರಾವ್ ಕಿರ್ಲೋಸ್ಕರರು.

ಅವರು ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡದ್ದು. ಚಿತ್ರಕಲೆಯ ಹುಚ್ಚು. ತಂದೆಗೆ ಒಪ್ಪಿಗೆಯಿಲ್ಲ, ಅಣ್ಣ ಕೊಟ್ಟ ಹಣದಲ್ಲಿ 1885ರಲ್ಲಿ ಮುಂಬಯಿಗೆ ಬಂದು ಜೆ. ಜೆ. ಕಲಾಶಾಲೆ ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ, ಬಣ್ಣಗಳ ಭೇದ ತಮ್ಮ ಕಣ್ಣಿಗೆ ಸರಿಯಾಗಿ ತಿಳಿಯದೆಂಬುದು ಗೊತ್ತಾಯಿತು! ತಂದೆಯ ಮಾತು ಮೀರಿ ಬಂದ ಹುಡುಗನಿಗೆ ಅದೆಂತಹ ಆಘಾತವೋ ಯೋಚಿಸಿ ನೋಡಿ. ಇಲ್ಲಿ ಅಡ್ಡ ಬಂದದ್ದು ಯಾರ ಕುಹಕವೂ ಅಲ್ಲ, ತಮ್ಮದೇ ಕಣ್ಣು. ಅವರು ಕುಂಚ ಬಿಟ್ಟರು, ಆದರೆ ಊರಿಗೆ ಓಡಲಿಲ್ಲ. ಬಣ್ಣ ಬೇಡದ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಮುಂದೆ ಮುಂಬಯಿಯಲ್ಲಿ ಅದನ್ನೇ ಕಲಿಸುವ ಶಿಕ್ಷಕರೂ ಆದರು. ಬರಬೇಕಾದ ಬಡತಿ ತಪ್ಪಿದಾಗ ಆ ಕೆಲಸಕ್ಕೂ ಶರಣು ಹೊಡೆದು ಬೆಳಗಾವಿಗೆ ಮರಳಿದರು. ಅಲ್ಲಿ ಅಣ್ಣನೊಡನೆ ಸೈಕಲ್ಲಿನ ಅಂಗಡಿ. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು.

ನೇಗಿಲೇನೋ ಸಿದ್ಧವಾಯಿತು. ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರ ನಂಬಿಕೆ. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಅನ್ನುವವರ ಮಾತಿಗೆ ಕಿವಿಗೊಡಬೇಡಿ ಎಂದು ತರುಣರಿಗೆ ಉಪದೇಶಿಸುವುದು ಬಹಳ ಸುಲಭ. ಆದರೆ ಆ ರೈತರಿಗೆ ಕಿವಿಗೊಡದೆ ಕಿರ್ಲೋಸ್ಕರರು ನೇಗಿಲನ್ನು ಯಾರಿಗೆ ಮಾರಬೇಕಿತ್ತು? ಹೊಲ ಕೆಟ್ಟರೆ ರೈತನಿಗೆ ಹೋಗುವುದು ವರ್ಷದ ಅನ್ನ. ಅವನ ಅಂಜಿಕೆ ಹಾಸ್ಯದ ವಸ್ತುವಲ್ಲ. ಕಟ್ಟೆಯ ಮೇಲೆ ಕುಳಿತು ನಗುವವನು ಬೇರೆ, ಕಳೆದುಕೊಳ್ಳುವುದಿದ್ದು ಅನುಮಾನಿಸುವವನು ಬೇರೆ. ಮೊದಲನೆಯವನನ್ನು ಮರೆತುಬಿಡಬಹುದು. ಎರಡನೆಯವನಿಗೆ ಉಳುಮೆ ಮಾಡಿದ ಹೊಲವನ್ನೇ ತೋರಿಸಬೇಕು. ನಾನು ಆ ತರುಣನಿಗೆ ‘ಬೇಡ’ ಎಂದಾಗ ಇವರಿಬ್ಬರಲ್ಲಿ ಯಾರಾಗಿದ್ದೆನೆಂದು ಕೇಳಿಕೊಂಡರೆ, ಉತ್ತರ ಅಷ್ಟು ಮರ್ಯಾದೆಯದಲ್ಲ.

ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರು ಕುಂಡಲ ರೋಡ್ ಸ್ಟೇಷನ್ನಿನ ಬಳಿ ನೆಲ ಕೊಟ್ಟರು. ಕಳ್ಳಿಯೂ ಹಾವೂ ತುಂಬಿದ್ದ ಬರಡು. 1910ರಲ್ಲಿ ಅಲ್ಲಿ ಎದ್ದದ್ದೇ ಕಿರ್ಲೋಸ್ಕರವಾಡಿ. 1941ರಲ್ಲಿ ನಮ್ಮ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ಬಲ್ಲವರು ನಮ್ಮ ಓದುಗರಲ್ಲೂ ಇದ್ದಾರು. ಅದು ಮುಚ್ಚಿಹೋದುದು ಬೇರೆ ಕಥೆ. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು.

ಮೊನ್ನೆ ರವಿವಾರ ಆ ತರುಣನನ್ನು ನಾನೇ ಕರೆಸಿದೆ. “ಎರಡು ವರ್ಷ ಒಂದೂ ಬಿಕರಿಯಾಗದಿದ್ದರೆ ಮನೆ ಹೇಗೆ ನಡೆಯುತ್ತದೆ?” ಎಂದೆ. ಅವನು ಬೇಸರಿಸದೆ ಜೇಬಿನಿಂದ ಲೆಕ್ಕದ ಚೀಟಿ ತೆಗೆದ. ಹದಿನಾಲ್ಕು ತಿಂಗಳಿಗೆ ಸಾಲುವ ಹಣವಿದೆ. ಉಳಿದ ಹತ್ತು ತಿಂಗಳ ಮಾತನ್ನು ಅವನ ತಂದೆಯೊಡನೆ ಆಡಲು ಈ ವಾರ ಅವರ ಮನೆಗೆ ಹೋಗುವವನಿದ್ದೇನೆ.