ಹಾಲಿನ ಬಿಲ್ಲಿನಲ್ಲಿ ಅಕ್ಷರದ ಬದಲು ಚೌಕಗಳೇ? ಕಾರಣ ಮತ್ತು ಪರಿಹಾರ



ಬಟವಾಡೆ ಬಿಲ್ಲಿನಲ್ಲಿ ಲೀಟರು, ಜಿಡ್ಡಿನಾಂಶ, ದರ, ಮೊತ್ತ ಎಲ್ಲವೂ ಸರಿಯಾಗಿದ್ದು, ನಿಮ್ಮ ಹೆಸರು ಮತ್ತು ಕಡಿತದ ವಿವರ ಇರಬೇಕಾದ ಕಡೆ ಬರೀ ಚೌಕಗಳು ಮುದ್ರಣವಾಗುವುದುಂಟು. ಬಿಲ್ಲು ತಯಾರಿಸುವ ಸರ್ವರ್ ಗಣಕಯಂತ್ರದ ತಂತ್ರಾಂಶ ಬದಲಾದಾಗ ಹೀಗಾಗಬಹುದು. ಲೆಕ್ಕವೇ ಅಳಿಸಿಹೋಯಿತೆಂದು ಗಾಬರಿಪಡಬೇಕಾಗಿಲ್ಲ. ಆದರೆ ಅಲಕ್ಷ್ಯವೂ ಸಲ್ಲದು. ಪಶು ಆಹಾರಕ್ಕೆ ಎಷ್ಟು ಹಿಡಿದರು, ರಾಸು ವಿಮೆಗೆ ಎಷ್ಟು ಹಿಡಿದರು ಎಂಬುದು ಇಂಥ ಬಿಲ್ಲಿನಿಂದ ತಿಳಿಯುವುದಿಲ್ಲ.

ಕಾರಣವೇನು?

ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಯುನಿಕೋಡ್ ಪದ್ಧತಿಯಲ್ಲಿ 'ಕ' ಅಕ್ಷರದ ಸಂಖ್ಯೆ 3221. ಆ ಸಂಖ್ಯೆಗೆ ಆಕಾರ ಕೊಡುವ ಕಡತವೇ ಫಾಂಟ್. ಕನ್ನಡ ಫಾಂಟ್ ಸಿಗದಿದ್ದರೆ ಯಂತ್ರವು ಚೌಕ ಹಾಕಿ ಮುಂದೆ ಹೋಗುತ್ತದೆ. ಸಂಖ್ಯೆ ಮಾತ್ರ ಒಳಗೆ ಭದ್ರವಾಗಿರುತ್ತದೆ.

ಇಂತಹ ಅನೇಕ ತಂತ್ರಾಂಶಗಳು ಜಾವಾ ಎಂಬ ಆಧಾರ ತಂತ್ರಾಂಶದ ಮೇಲೆ ನಡೆಯುತ್ತವೆ. ಕೆಲವು ಕಡೆ ಕನ್ನಡ ಫಾಂಟನ್ನು ಹಳೆಯ ಜಾವಾದ ಕಡತಕೋಶದೊಳಗೇ ಇಟ್ಟಿರುತ್ತಾರೆ. ಹೊಸ ಆವೃತ್ತಿ ಬೇರೆ ಕೋಶದಲ್ಲಿ ಕೂರುತ್ತದೆ. ಹಸುವನ್ನು ಹೊಸ ಕೊಟ್ಟಿಗೆಗೆ ಕಟ್ಟಿ, ಬಾನಿಯನ್ನು ಹಳೆಯ ಕೊಟ್ಟಿಗೆಯಲ್ಲೇ ಬಿಟ್ಟಂತೆ! ಇದಲ್ಲದೆ, 2018ರಲ್ಲಿ ಬಂದ ಜಾವಾ 11ರಿಂದ ಒರಾಕಲ್ ಸಂಸ್ಥೆ ತನ್ನ ಫಾಂಟುಗಳನ್ನು ಜೊತೆಗೆ ಕೊಡುವುದನ್ನು ನಿಲ್ಲಿಸಿತು.

ಲಕ್ಷಣ ನೋಡಿ ರೋಗ ತಿಳಿಯಿರಿ

1. ಚೌಕಗಳು: ಫಾಂಟ್ ಇಲ್ಲ. ಮಾಹಿತಿ ಸುರಕ್ಷಿತ.
2. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು: ಹಳೆಯ ನುಡಿ ಅಥವಾ ಬರಹ ಪದ್ಧತಿಯಲ್ಲಿ ಬೆರಳಚ್ಚಾದ ಮಾಹಿತಿ ಇರಬಹುದು. ಅದನ್ನು ಯುನಿಕೋಡ್‌ಗೆ ಪರಿವರ್ತಿಸಬೇಕು.
3. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ: ಇದು ಗಂಭೀರ. ಅಕ್ಷರದ ಸಂಖ್ಯೆಯೇ ಕಳೆದುಹೋಗಿರುವ ಸಾಧ್ಯತೆಯಿದೆ. ಕೂಡಲೇ ತಿಳಿಸಿ.

ಪರಿಹಾರ

ಲಿನಕ್ಸ್ ಸರ್ವರ್ ಆಗಿದ್ದರೆ ಫಾಂಟ್‌ಕಾನ್ಫಿಗ್ ಎಂಬ ಸಹಾಯಕ ತಂತ್ರಾಂಶವನ್ನೂ, ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡದಂತಹ ಉಚಿತ ಫಾಂಟನ್ನೂ ಸರ್ವರಿನಲ್ಲೇ ಅಳವಡಿಸಿ, ಬಿಲ್ಲಿನ ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಚಾಲನೆ ಮಾಡಬೇಕು. ಫಾಂಟನ್ನು ಜಾವಾದೊಳಗೆ ಇಡದೆ ಸರ್ವರಿನ ಸಾಮಾನ್ಯ ಫಾಂಟ್ ಕೋಶದಲ್ಲಿ ಇಟ್ಟರೆ ಮುಂದಿನ ಬದಲಾವಣೆಯಲ್ಲೂ ಉಳಿಯುತ್ತದೆ. ಸಂಘದ ಪ್ರಿಂಟರ್ ಬದಲಿಸಿ ಪ್ರಯೋಜನವಿಲ್ಲ.

ಸದಸ್ಯರು ಮಾಡಬೇಕಾದದ್ದು

ಚೌಕ ಬಿದ್ದ ಬಿಲ್ಲನ್ನು ಎಸೆಯಬೇಡಿ. ನಿಮ್ಮ ಸದಸ್ಯ ಸಂಖ್ಯೆ, ಲೀಟರು ಮತ್ತು ಮೊತ್ತವನ್ನು ದಿನದ ಚೀಟಿಗಳೊಡನೆ ತಾಳೆ ನೋಡಿ. ಪ್ರತಿಯೊಂದು ಕಡಿತವೂ ಯಾವುದಕ್ಕೆಂದು ಕಾರ್ಯದರ್ಶಿಯವರಿಂದ ಬರೆಸಿಕೊಳ್ಳಿ. ದೋಷ ಸರಿಯಾದ ನಂತರ ಅದೇ ಬಿಲ್ಲನ್ನು ಮತ್ತೆ ಮುದ್ರಿಸಿ ಕೊಡಲು ಕೇಳಿ. ಓದಲು ಬರುವ ಬಿಲ್ಲು ಪಡೆಯುವುದು ನಿಮ್ಮ ಹಕ್ಕು.

– ಪಶುವೈದ್ಯಕೀಯ ವಿಸ್ತರಣಾಧಿಕಾರಿ