ಬೆಟ್ಟದ ಬುಡದಲ್ಲೊಂದು ಮನೆ

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿ ಹಿಡಿದು, ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿದರೆ ಸ್ವಲ್ಪ ಹೊತ್ತಿನಲ್ಲೇ ಶಿವಗಂಗೆಯ ಬೆಟ್ಟ ಎದುರಾಗುತ್ತದೆ. ಮೂಡಣದಿಂದ ನೋಡಿದವರಿಗೆ ವೃಷಭ, ಪಡುವಣದಿಂದ ಗಣಪತಿ, ತೆಂಕಣದಿಂದ ಲಿಂಗ, ಬಡಗಣದಿಂದ ಸರ್ಪ. ಹೀಗೆ ಒಂದೇ ಬೆಟ್ಟ ನಾಲ್ಕು ದಿಕ್ಕಿಗೆ ನಾಲ್ಕು ರೂಪ ತಾಳುತ್ತದೆಂದು ಸ್ಥಳೀಕರ ನಂಬಿಕೆ. ಗಂಗಾಧರೇಶ್ವರನ ದರ್ಶನ ಮಾಡಿ, ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಸಿಕ್ಕಿತೇ ಇಲ್ಲವೇ ಎಂದು ಪುಣ್ಯವನ್ನು ಅಳೆದುಕೊಂಡು, ಮೇಲಿನ ನಂದಿಯವರೆಗೆ ಏರಿ ಇಳಿದ ಮೇಲೆ ಯಾತ್ರೆ ಮುಗಿಯಿತೆಂದು ನಾವೆಲ್ಲ ತಿಳಿಯುತ್ತೇವೆ. ನನ್ನ ಯಾತ್ರೆ ಆರಂಭವಾದದ್ದು ಇಳಿದ ಮೇಲೆ.

ಬೆಟ್ಟದ ಬುಡದ ಹಳ್ಳಿಯೊಂದರ ಮನೆಯ ಜಗಲಿಯಲ್ಲಿ ನೀರು ಕೇಳಿ ಕುಳಿತೆ. ಒಳಗೆ ಚಾಪೆಯ ಮೇಲೆ ಹತ್ತು ವರ್ಷದ ಹುಡುಗನೊಬ್ಬ ಮಲಗಿದ್ದ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟು ಬಿದ್ದು ಕೈಕಾಲು ಸ್ವಾಧೀನದಲ್ಲಿಲ್ಲ. ಅವನನ್ನು ಸಾಕುತ್ತಿರುವವಳು ಅಜ್ಜಿ. ಅಷ್ಟರಲ್ಲಿ ಪಕ್ಕಕ್ಕೆ ಎರಡು ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ತರುಣನೊಬ್ಬ ಬಂದಿಳಿದ. ಒಂದು ಕಾಲು ಪೋಲಿಯೋದಿಂದ ಬತ್ತಿತ್ತು. ಕಂಕುಳಲ್ಲಿ ಊರುಗೋಲು, ಹೆಗಲಲ್ಲಿ ಕಾಗದಪತ್ರದ ಚೀಲ.

“ಈವಯ್ಯ ಬರೋಗಂಟ ನನ್ನ ಮೊಮ್ಮಗ ಯಾವ ಲೆಕ್ಕದಾಗೂ ಇರ್ಲಿಲ್ಲ ಸ್ವಾಮಿ,” ಎಂದಳು ಅಜ್ಜಿ.

ಆ ಮಾತಿನ ಹಿಂದೆ ಒಂದು ಕಥೆಯಿದೆ. ಹುಡುಗನಿಗೆ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಲು ಆಕೆ ಮೂರು ಸಲ ಅವನನ್ನು ಬೆನ್ನ ಮೇಲೆ ಹೊತ್ತು, ಬಸ್ಸು ಹತ್ತಿ, ಪಟ್ಟಣದ ಆಸ್ಪತ್ರೆಗೆ ಹೋಗಿದ್ದಳು. ಒಮ್ಮೆ ವೈದ್ಯರಿರಲಿಲ್ಲ; ಒಮ್ಮೆ ಕಾಗದ ಸಾಲಲಿಲ್ಲ; ಮತ್ತೊಮ್ಮೆ ಬಂದ ವಾರವೇ ತಪ್ಪಾಗಿತ್ತು. ನಾಲ್ಕನೆಯ ಸಲ ಹೋಗುವ ಧೈರ್ಯ ಉಳಿಯಲಿಲ್ಲ. ಕೊನೆಗೆ ಈ ತರುಣನೇ ಮನೆಗೆ ಬಂದು ಅರ್ಜಿ ತುಂಬಿ, ದಿನ ಗೊತ್ತುಮಾಡಿಕೊಂಡು, “ಅಜ್ಜಿ, ಈ ಸಲ ನಾನೂ ಬತ್ತೀನಿ, ನಡಿ,” ಎಂದನಂತೆ. ಆ ಸಲ ಕೆಲಸವಾಯಿತು.

ಈತ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಕರ್ನಾಟಕ ಸರ್ಕಾರ 2007-08ರಲ್ಲಿ ಆರಂಭಿಸಿದ ಗ್ರಾಮೀಣ ಪುನರ್ವಸತಿ ಯೋಜನೆಯಂತೆ ಗ್ರಾಮ ಪಂಚಾಯಿತಿಗೊಬ್ಬ ಇಂಥ ಕಾರ್ಯಕರ್ತ. ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಸ್ವತಃ ಅಂಗವಿಕಲರಾದವರನ್ನೇ ಈ ಕೆಲಸಕ್ಕೆ ಆರಿಸುವುದು ಯೋಜನೆಯ ತಿರುಳು. ಮೆಟ್ಟಿಲಿನ ಎತ್ತರವನ್ನು ಊರುಗೋಲು ಹಿಡಿದವನಿಗಿಂತ ಚೆನ್ನಾಗಿ ಬಲ್ಲವರಾರು?

2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರ. 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು; ಅದರ ಸ್ಥಾನದಲ್ಲಿ ಬಂದ 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿ, ಸರ್ಕಾರಿ ಉದ್ಯೋಗದ ಮೀಸಲಾತಿಯನ್ನು ನೂರಕ್ಕೆ 3ರಿಂದ 4ಕ್ಕೆ ಏರಿಸಿತು. ವೈಕಲ್ಯ ನೂರಕ್ಕೆ 40ಕ್ಕೆ ಕಡಮೆಯಿಲ್ಲದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕೆಂದು ಸಾರಿತು. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ಏರ್ಪಾಡೂ ಉಂಟು. ಇಂಥ ಹುಡುಗನಿಗೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ದೊರೆಯುತ್ತದೆ. ಇವೆಲ್ಲ ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಅಚ್ಚಾದ ಮಾತುಗಳು. ಅವು ಈ ಚಾಪೆಯವರೆಗೆ ತಲುಪಬೇಕಾದರೆ ಯಾರಾದರೂ ನಡೆದು ಬರಲೇಬೇಕು.

ಕನ್ನಡದ ಮೇಷ್ಟರಾದ ನನಗೆ ಇನ್ನೊಂದು ಯೋಚನೆಯೂ ಬಂತು. ‘ಅಂಗವಿಕಲ’ ಎಂಬ ಮಾತು ನೋಯಿಸುವುದೆಂದು ಸರ್ಕಾರಿ ಕಾಗದಗಳು ಈಗ ‘ವಿಕಲಚೇತನ’ ಎನ್ನುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಪದವನ್ನು ಬಿಡಿಸಿ ನೋಡಿದರೆ ಊನ ಅಂಗದಿಂದ ಚೇತನಕ್ಕೇ ವರ್ಗವಾದಂತಾಯಿತು! ಆ ತರುಣನನ್ನು ಈ ಬಗ್ಗೆ ಕೇಳಿದೆ. ಆತ ನಕ್ಕು, “ಹೆಸರು ಏನಾದ್ರೂ ಇಟ್ಕೊಳ್ಳಿ ಸಾರ್, ಆಫೀಸಿನ ಬಾಗಿಲಿಗೆ ಒಂದು ಇಳಿಜಾರು ಹಾಕಿಸ್ಲಿ ಸಾಕು,” ಎಂದ.

ಆತ ಖಾಯಂ ನೌಕರನಲ್ಲ. ಪಡೆಯುವುದು ಸಂಬಳವಲ್ಲ, ಗೌರವಧನ. ಇತರರ ಪಿಂಚಣಿಗಾಗಿ ಓಡಾಡುವ ಈ ಕೆಲಸದಲ್ಲಿ ಆತನಿಗೆ ಪಿಂಚಣಿಯಿಲ್ಲ. “ಬಿಟ್ಟುಬಿಡಬೇಕು ಅನ್ಸಲ್ವೇನಪ್ಪಾ?” ಎಂದೆ. ಆತ ಉತ್ತರ ಹೇಳದೆ ಹುಡುಗನ ಬಳಿ ಕುಳಿತು, ಬಿಗಿದುಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದನ್ನು ಅಜ್ಜಿಗೆ ಮತ್ತೊಮ್ಮೆ ತೋರಿಸತೊಡಗಿದ. ಹುಡುಗ ಗಟ್ಟಿಯಾಗಿ ನಕ್ಕ.

ಶಿವಗಂಗೆಯ ಬೆಟ್ಟದಂತೆ ಈ ಮಗುವೂ ನಾಲ್ಕು ದಿಕ್ಕಿಗೆ ನಾಲ್ಕು ರೂಪ. ವೈದ್ಯರಿಗೆ ಶೇಕಡಾವಾರು, ಕಚೇರಿಗೆ ಅರ್ಜಿ, ನೆರೆಹೊರೆಗೆ ಕರ್ಮಫಲ, ಅಜ್ಜಿಗೆ ಮೊಮ್ಮಗ. ಐದನೆಯದೊಂದು ನೋಟವೂ ಇದೆ: ಆತ ಈ ನಾಡಿನ ಪ್ರಜೆ, ಕೇಳುತ್ತಿರುವುದು ಭಿಕ್ಷೆಯನ್ನಲ್ಲ, ಪಾಲನ್ನು. ಅದನ್ನು ಕಾಣಬೇಕಾದರೆ ಬೆಟ್ಟ ಹತ್ತಬೇಕಾಗಿಲ್ಲ. ವಾಚಕರ ಬೀದಿಯಲ್ಲೇ ಇಂಥ ಮನೆಯೊಂದು ಇದ್ದೀತು. ಆ ಮನೆಯವರಿಗೆ ಯಾವ ಬಾಗಿಲು ತಟ್ಟಬೇಕೆಂಬುದು ತಿಳಿದಿರಲಾರದು. ಮುಂದಿನ ಸಲ ಅವರು ಹೊರಟಾಗ “ನಾನೂ ಬರುತ್ತೇನೆ” ಎನ್ನಲು ಸರ್ಕಾರದ ಗೌರವಧನವೇನೂ ಬೇಕಿಲ್ಲ.